ಅಮಾಸಿಯ ಸೊನ್ನೆ

ಜೀವಶಾಸ್ತ್ರ ಓದುವ ಹುಡುಗಿಯರ ಬೆರಳು ಬಲು ಸೂಕ್ಷ್ಮ. ಪತಂಗದ ರೆಕ್ಕೆ ಹಿಡಿದರೂ ಪುಡಿ ಉದುರಗೊಡದ ಆ ಬೆರಳುಗಳು, ಕೀಲಿಮಣೆಯ ಮೇಲೆ ಮಾತ್ರ ಮೊದಮೊದಲು ಕಾದ ಹಂಚು ಮುಟ್ಟಿದಂತೆ ಹಿಂದೆ ಸರಿಯುತ್ತಿದ್ದವು.

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಸ್ಟೇಷನ್ ರಸ್ತೆಯ ನನ್ನ ಅಂಗಡಿಯಲ್ಲಿ ಕೆಟ್ಟ ಕಂಪ್ಯೂಟರ್ ಬಿಚ್ಚಿ ಜೋಡಿಸುತ್ತ ಜೋಡಿಸುತ್ತ, ಅದಕ್ಕೆ ಪ್ರೋಗ್ರಾಂ ಬರೆಯುವುದನ್ನೂ ಕಲಿತವನು. ತೊರವಿ ಕಡೆಯ ಕಾಲೇಜಿನ ಮೇಡಂ ಒಬ್ಬರು, 'ನಮ್ಮ ಹುಡುಗ್ಯಾರಿಗೂ ಪ್ರೋಗ್ರಾಂ ಬರಿಯೂದು ಒಂದ ತಿಂಗಳ ಕಲಿಸಿ ನೋಡ್ರಿ. ಕಡೀ ದಿನ ನಾನೂ ಬಂದು ಕೂಡ್ತೇನಿ, ಮುಂದಿಂದು ಆಮ್ಯಾಲ' ಅಂದಾಗ ಎದೆ ಸೆಟೆಸಿ ಒಪ್ಪಿದೆ.

ಕಡೆಯ ದಿನ ಬಂತು. ತಿಕೋಟಾದ ರೇಣುಕಾ ಅಪ್ಪನ ದ್ರಾಕ್ಷಿ ತೋಟದಲ್ಲಿ ದೀಪದ ಬಲೆ ಕಟ್ಟಿ, ರಾತ್ರಿ ಬಿದ್ದ ಪತಂಗಗಳನ್ನು ಮೂರು ತಿಂಗಳು ಬೆಳಗಿನ ಹೊತ್ತು ಎಣಿಸಿದ್ದಳು. ಆಕೆ ಪ್ರೋಗ್ರಾಂ ಓಡಿಸಿದೊಡನೆ ಆ ಲೆಕ್ಕ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಗೆರೆಯಾಗಿ ಮೂಡಿತು. ಮೂರು ಕಡೆ ದೊಪ್ಪನೆ ತಳಕ್ಕೆ ಬಿದ್ದಿತ್ತು.

'ಸರ, ಆ ಮೂರೂ ಅಮಾಸಿ' ಎಂದಳು ರೇಣುಕಾ.

'ಅವತ್ತ ಹುಳಕ್ಕೂ ಸೂಟಿ ಏನಬೇ?' ಎಂದಳು ಪಕ್ಕದವಳು. ಕ್ಲಾಸೆಲ್ಲ ನಕ್ಕಿತು.

'ಸೂಟಿ ನಮಗ, ಹುಳಕ್ಕಲ್ಲ. ಅಮಾಸಿಗೆ ತೋಟದಾಗ ಯಾರೂ ಕೆಲಸಾ ಮಾಡಂಗಿಲ್ಲ, ದೀಪಾನೂ ಹಚ್ಚಂಗಿಲ್ಲ. ಹಚ್ಚಿದ್ರ ಆ ಕತ್ತಲದಾಗ ಎಲ್ಲಾಕ್ಕಿಂತ ಹೆಚ್ಚ ಬೀಳ್ತಿದ್ದುವು ಸರ. ನೀವ ಅಂದಿದ್ರಿ, ಖಾಲಿ ಬಿಡಬ್ಯಾಡ್ರಿ, ಸೊನ್ನಿ ಹಾಕ್ರಿ ಅಂತ.'

ಅಂದದ್ದು ನಿಜ. ಲೆಕ್ಕದ ಪಟ್ಟಿಯಲ್ಲಿ ಖಾಲಿ ಮನೆ ಕಂಡರೆ ಪ್ರೋಗ್ರಾಂ ತಕರಾರು ಮಾಡುತ್ತದೆಂದು ನಾನು ಹುಡುಕಿದ ಸುಲಭದ ದಾರಿ ಅದು. ಹಿಂದಿನ ಬೆಂಚಿನಲ್ಲಿ ಮೇಡಂ ಪೆನ್ನು ತೆರೆದು ಕೂತಿದ್ದರು. ಒಂದು ಗಳಿಗೆ, ರೇಣುಕಾಳೇ ತಪ್ಪಾಗಿ ಕೇಳಿಸಿಕೊಂಡಳು ಎಂದುಬಿಡಲೇ ಅನ್ನಿಸಿತು, ನಿಮ್ಮಲ್ಲಿ ಮುಚ್ಚಿಡುವುದೇನು. ಆದರೆ ನೋಡಿ, ಎಣಿಸಿದಾಗ ಏನೂ ಸಿಗದಿರುವುದು ಬೇರೆ, ಎಣಿಸಲು ಯಾರೂ ಹೋಗದಿರುವುದು ಬೇರೆ. ನನ್ನ ತಲೆಯೊಳಗೆ ಇಣುಕಿಯೂ ನೋಡದೆ ಓದಿನ ಲೆಕ್ಕದಲ್ಲಿ ನನಗೆ ಸೊನ್ನೆ ಹಾಕಿದವರ ಮೇಲೆ ಎಷ್ಟು ವರ್ಷ ಉರಿದುಕೊಂಡವನು ನಾನು! ಅದೇ ಅನ್ಯಾಯವನ್ನು ಆ ಪತಂಗಗಳಿಗೆ ಮಾಡಿದ್ದೆನಲ್ಲ.

'ತಪ್ಪ ಆಕೀದಲ್ರಿ, ನಂದು' ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸೊನ್ನೆಗಳನ್ನು ಅಳಿಸಿ, ಖಾಲಿಯನ್ನು ದಾಟಿ ಹೋಗುವಂತೆ ಒಂದು ಸಾಲು ಹೊಸದಾಗಿ ಬರೆದೆ. ಗೆರೆ ಮೂರು ಕಡೆ ತುಂಡಾಯಿತು, ಉಳಿದದ್ದು ನಿಜವಾಗಿತ್ತು.

ಮೇಡಂ ಪೆನ್ನು ಮುಚ್ಚಿದರು. 'ಮುಂದಿನ ತಿಂಗಳಾನೂ ಬರ್ರಿ.'

'ಬರ್ತೇನ್ರಿ. ಆದ್ರ ಹುಳ ಎಣಿಸೂದು ಮೊದಲ ನಾ ಕಲೀಬೇಕು.'

'ಹಂಗಾದ್ರ ನಾಳೆ ಮುಂಜಾನೆ ಆರಕ್ಕ ನಮ್ಮ ತೋಟಕ್ಕ ಬರ್ರಿ ಸರ' ಎಂದಳು ರೇಣುಕಾ. 'ತಡಾ ಆದ್ರ ಹಾಜರಿ ಹಾಕಂಗಿಲ್ಲ.'

ಆರಕ್ಕೆ ಐದು ನಿಮಿಷ ಮೊದಲೇ ನಾನು ತಿಕೋಟಾದಲ್ಲಿದ್ದೆ.