ತಂತಿಗೆ ಚುಚ್ಚಿದ ಕಾಗದಗಳು

ಬೇರೆಯವರ ಕಾಗದ ಓದುವ ಚಟ ನನಗೆ ಚಿಕ್ಕಂದಿನಿಂದಲೂ ಉಂಟು. ಪಕ್ಕದ ಮನೆಗೆ ಬಂದ ಲಗ್ನಪತ್ರಿಕೆಯನ್ನೂ ಕೊನೆಯ ‘ಆಗಮನಾಭಿಲಾಷಿಗಳು’ ಎನ್ನುವವರೆಗೆ ಬಿಡದೆ ಓದುವವಳು ನಾನು. ಅಂಥವಳ ಕೈಗೆ, ಅಪ್ಪ ಯುದ್ಧದ ಕಾಲದಲ್ಲಿ ಗಡಿಯಿಂದ ಬರೆದ ಹತ್ತೊಂಬತ್ತು ಕಾಗದಗಳು ಸಿಕ್ಕರೆ ಸುಮ್ಮನಿರುತ್ತೇನೆಯೇ?

ಸಿಕ್ಕಿದ್ದು ರಾಜಾನುಕುಂಟೆಯಲ್ಲಿ, ಚಿಕ್ಕಪ್ಪ ಹಳೇ ಮನೆ ಕೆಡವಿಸುವಾಗ, ತಾತನ ಪೆಟ್ಟಿಗೆಯಲ್ಲಿ. ತಾತ ಬಂದ ಕಾಗದವನ್ನೆಲ್ಲ ಕೊಕ್ಕೆ ತಂತಿಗೆ ಚುಚ್ಚಿ ನೇತುಹಾಕುತ್ತಿದ್ದರು. ಹಾಗಾಗಿ ಪ್ರತಿ ಕಾಗದದ ಹೊಟ್ಟೆಯಲ್ಲೂ ಒಂದು ತೂತು.

ಆಗಿನ ಕಾಗದಗಳಿಗೊಂದು ಶಿಸ್ತಿತ್ತು. ‘ತೀರ್ಥರೂಪು ತಂದೆಯವರಿಗೆ’ ಎಂದು ಶುರುವಾಗಿ, ‘ಉಭಯ ಕುಶಲೋಪರಿ’ ದಾಟಿದ ಮೇಲೆಯೇ ಹಸು, ಬಾವಿ, ರಾಗಿ. ಮಗನಾದವನು ಹೆಂಡತಿಗೆಂದೇ ಬೇರೆ ಕಾಗದ ಬರೆಯುವುದು ನಮ್ಮ ಆ ಮನೆಯಲ್ಲಿ ನಾಚಿಕೆಗೇಡು. ತಾತ ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದರಂತೆ. ಅಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳಂತೆ. ಮಾವನ ತಂತಿಗೆ ಸೊಸೆ ಕೈಹಾಕುವಂತಿರಲಿಲ್ಲ.

ಹೇಗೂ ಬೀದಿಯೆಲ್ಲ ಕೇಳಿದ ಕಾಗದಗಳಲ್ಲವೇ? ಯಲಹಂಕದ ಗ್ರಂಥಾಲಯದವರು ಜನರಿಗೆ ತೋರಿಸೋಣವೆಂದಾಗ ಒಪ್ಪಿಕೊಂಡೆ. ನೀನೂ ಒಮ್ಮೆ ನೋಡು ಎಂದರೆ ಅಮ್ಮ ಅವರೆಕಾಯಿ ಸುಲಿಯುವುದನ್ನೇ ನಿಲ್ಲಿಸಲಿಲ್ಲ.

“ಎಲ್ಲಾ ಅವತ್ತೇ ಕೇಳಾಗೈತೆ ಕಣೇ. ಮತ್ತೇನ್ ನೋಡೋದು?”

ತೊಡಕು ಒಂದೇ. ಪ್ರತಿ ಕಾಗದದ ಕೊನೆಗೆ ಅಪ್ಪ ಸಣ್ಣಕ್ಷರದಲ್ಲಿ ಅಮ್ಮನ ವಿಷಯ ಕೇಳಿದ್ದರು. ‘ಜಯಳಿಗೆ ಕೆಮ್ಮು ವಾಸಿಯಾಯಿತೇ? ನಾನು ಕೇಳಿದೆನೆಂದು ಹೇಳಿ.’ ‘ಜಯ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆಯೇ?’ ಊರವರ ಕಾಗದಕ್ಕೆಲ್ಲ ಕಣ್ಣು ಹಾಕುವವಳಿಗೆ ಮನೆಯದು ಬಂದಾಗ ಎಲ್ಲಿಲ್ಲದ ಸಂಕೋಚ! ಅಪ್ಪ ಹೋಗಿ ಆರು ವರ್ಷವಾಯಿತು. ಅವರ ಪರವಾಗಿ ನಾನೇ ನಾಚಿಕೊಂಡು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಆ ಸಾಲುಗಳಿಗೆ ಸರಿಯಾಗಿ ಬಿಳಿ ಪಟ್ಟಿ ಅಂಟಿಸಿದೆ.

ಪ್ರದರ್ಶನದ ದಿನ ಅಮ್ಮ ಬಂದಳು, ನನ್ನ ಒತ್ತಾಯಕ್ಕೆ. ಮೊದಲ ಕಾಗದದ ಮುಂದೆಯೇ ನಿಂತಳು.

“ಅದೇನೇ ಇಂಗೆ ತೇಪೆ ಹಾಕಿದ್ದೀಯ?”

ನಾನು ಬಾಯಿ ತೆರೆಯುವ ಮುಂಚೆ ಉಗುರಿನಿಂದ ಕೆರೆದು ಪಟ್ಟಿ ಕಿತ್ತಳು. ಓದಿದಳು. ಇನ್ನೊಂದು ಕಿತ್ತಳು. ಆಮೇಲೆ ಕುರ್ಚಿ ಹುಡುಕಿಕೊಂಡು ಕೂತಳು.

“ನಿಮ್ ತಾತ ಇದನ್ನ ಓದ್ತಾನೇ ಇರ್ಲಿಲ್ಲ,” ಎಂದಳು. “ನಿಮ್ಮಪ್ಪ ಹಸು ಕೇಳವ್ರೆ, ಬಾವಿ ಕೇಳವ್ರೆ, ನನ್ ಎಸ್ರೇ ಇಲ್ಲ ಅಂತ ಇಷ್ಟ್ ವರ್ಸ ಒಳಗೇ ಇಟ್ಕಂಡಿದ್ದೆ. ಬಾಯ್ ಬಿಟ್ಟು ಅವ್ರನ್ನ ಒಂದ್ ಸಲಾನೂ ಕೇಳ್ಲಿಲ್ಲ.”

ತಾತ ಕೆಟ್ಟವರಲ್ಲ. ಸೊಸೆಯ ಹೆಸರನ್ನು ನಾಲ್ಕು ಜನರ ಮುಂದೆ ಓದಲು ಮುಜುಗರಪಟ್ಟು ಒಂದು ಸಾಲು ನುಂಗಿಕೊಂಡಿದ್ದರು, ಅಷ್ಟೇ. ಓದು ಬರಹ ಕಲಿತ ಮೊಮ್ಮಗಳಾದ ನಾನು ಅದೇ ಸಾಲನ್ನು ಗೋಂದು ಹಚ್ಚಿ ಮುಚ್ಚಿದ್ದೆ. ಅಪ್ಪ ಒಂದು ಗಳಿಗೆಯ ಮಟ್ಟಿಗಾದರೂ ಎದ್ದು ಬರಬಾರದೇ ಎನ್ನಿಸಿತು.

ಉಳಿದ ಪಟ್ಟಿಗಳನ್ನೂ ಕಿತ್ತು ಹಾಕಿದೆ. ಅಮ್ಮ ಮೊದಲ ಕಾಗದದತ್ತ ಬೆರಳು ಮಾಡಿ ಓದು ಎಂದಳು. ಮೆಲ್ಲಗೆ ಶುರುಮಾಡಿದೆ.

“ಜೋರಾಗ್ ಓದೇ, ನಿಮ್ ತಾತನಂಗೆ.”

ಓದಿದೆ. “ಜಯಳಿಗೆ ಕೆಮ್ಮು ವಾಸಿಯಾಯಿತೇ?” ನೋಡಲು ಬಂದವರೆಲ್ಲ ನಮ್ಮತ್ತ ತಿರುಗಿದರು. ಅಮ್ಮ ಸೆರಗು ಸರಿಮಾಡಿಕೊಂಡು, ಕಾಗದವನ್ನೇ ನೋಡುತ್ತ ಹೇಳಿದಳು.

“ವಾಸಿಯಾಗೈತೆ ಕಣ್ರೀ.”