ಮೆಣಸಿನಕಾಯಿ ಚಿತ್ರದೊಳಗಿನ ರೊಟ್ಟಿ ತುಣುಕು

ಗಣಪತಿಗೆ ಹಸಿರು ಬಣ್ಣ ಹಚ್ಚಿದ್ದು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇಕಂತ ಹಚ್ಚಿದ್ದಲ್ಲ. ಸೊಸೆ ಯಾರದೋ ಮದುವೆ ಕಾರ್ಡಿಗೆಂದು ಗಣಪತಿಯ ಚಿತ್ರ ಕಂಪ್ಯೂಟರಿನಲ್ಲಿ ತೆರೆದಿಟ್ಟು, ಹಾಲು ಉಕ್ಕಿತೆಂದು ಒಳಗೆ ಓಡಿದ್ದಳು. ನಾನು ಅವಳ ಕುರ್ಚಿಯ ಮೇಲೆ ಕುಳಿತೆ. ಪರದೆಯ ಬದಿಯಲ್ಲಿ ಬಣ್ಣ ಚೆಲ್ಲುವ ಬಕೆಟಿನದೊಂದು ಸಣ್ಣ ಚಿತ್ರವಿತ್ತು. ಅದನ್ನು ಒತ್ತಿ, ಹಸಿರು ಒತ್ತಿ, ಗಣಪತಿಯ ಹೊಟ್ಟೆ ಒತ್ತಿದೆ. ಹಳದಿ ಇದ್ದ ಹೊಟ್ಟೆ, ಸೊಂಡಿಲು, ಕಿವಿ ಎಲ್ಲ ಒಂದೇ ಏಟಿಗೆ ಹಸಿರಾದವು. ತಿರುಗಿ ಮೊದಲಿನಂತೆ ಮಾಡುವುದು ಗೊತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಅಕ್ಕಿ ಆರಿಸುತ್ತ ಕುಳಿತೆ. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂದು ಸೊಸೆ ನೋಡದೆ ಫ್ಲಾಪಿಗೆ ಹಾಕಿ ರಾಣೇಬೆನ್ನೂರಿನ ಪ್ರೆಸ್ಸಿಗೆ ಕಳಿಸಿಬಿಟ್ಟಳು. ಸಂಜೆ ಪ್ರೆಸ್ಸಿನವನ ಫೋನು ಬಂತು.

"ಅಕ್ಕಾರ, ಗಣಪ್ಪ ಹಸರ ಯಾಕಾಗ್ಯಾನ್ರಿ? ಕರಕಿ ಹುಲ್ಲ ಜಾಸ್ತಿ ತಿಂದಾನೇನು?"

ಸೊಸೆ ನನ್ನ ಮುಂದೆ ಬಂದು ನಿಂತಳು. "ಅತ್ತ್ಯಾರ, ಖರೇ ಹೇಳ್ರಿ. ನೀವ ಮುಟ್ಟೀರಿಲ್ಲ?"

"ಮುಟ್ಟೇನಿ. ಏನ ಮಾಡ್ತಿ ಈಗ?"

ಅವಳು ಏನೂ ಮಾಡಲಿಲ್ಲ, ನಕ್ಕಳು. ಒಳ್ಳೆಯ ಹುಡುಗಿ. ಆದರೆ ನಕ್ಕ ಮೇಲೆ ಕರಾರು ಹಾಕಿದಳು. "ಮಧ್ಯಾಹ್ನ ಎರಡು ತಾಸು ನಿಮಗ ಕೊಡ್ತೇನ್ರಿ. ಏನರ ಬರಕೋರಿ. ಆದ್ರ ಇನ್ನೊಂದ ಸಲ ಗಿರಾಕಿ ಕೆಲಸ ಕೆಡಸಿದ್ರ ಮುಗೀತು. ಆಮ್ಯಾಲ ಕಂಪ್ಯೂಟರ್ ಮುಟ್ಟಂಗಿಲ್ಲ."

ನಾನು ಆಗಲಿ ಎಂದೆ. ಅವಳು ಹೇಳಿದರೆ ಹೇಳಿದಂತೆಯೇ ನಡೆಯುವವಳು.

ನಮ್ಮ ಮನೆ ಬ್ಯಾಡಗಿಯಲ್ಲಿ. ಮಗ ಬಸ್ ಕಂಡಕ್ಟರ್. ಸೊಸೆ ಹಾವೇರಿಯಿಂದ ಯಾರೋ ವಾಪರಿಸಿ ಬಿಟ್ಟ ಕಂಪ್ಯೂಟರ್ ತಂದು ಮುಂದಿನ ಪಡಸಾಲೆಯಲ್ಲಿ ಇಟ್ಟುಕೊಂಡು ಲಗ್ನಪತ್ರಿಕೆ, ರಸೀದಿ ಪುಸ್ತಕ, ಹ್ಯಾಂಡ್‌ಬಿಲ್ಲು ಮಾಡಿಕೊಡುತ್ತಿದ್ದಳು. ನನ್ನ ತವರು ಕುಪ್ಪೇಲೂರು. ಅಲ್ಲಿ ಎರಡನೇ ಇಯತ್ತೆಯವರೆಗೆ ಶಾಲೆಗೆ ಹೋಗಿದ್ದೆ. ಮದುವೆಯಾಗಿ ಬಂದ ಮೇಲೆ ಎರಡು ಕೆಲಸ ಮಾಡಿದೆ. ವ್ಯಾಪಾರಿಗಳ ಕಣದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಒಂದು. ಮನೆಯಲ್ಲಿ ಕುಳಿತು ಹಳೆ ಸೀರೆಗಳ ಕೌದಿ ಹೊಲಿದುಕೊಡುವುದು ಇನ್ನೊಂದು. ಎರಡೂ ನೆಲದ ಮೇಲೆ ಕೂಡುವ ಕೆಲಸ. ಮೊಣಕಾಲು ಹೋದ ಮೇಲೆ ಎರಡೂ ಹೋದವು. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸ ಅಂತ ಮನೆಯಲ್ಲಿ ಇದ್ದದ್ದು ಆ ಕಂಪ್ಯೂಟರ್ ಒಂದೇ. ಅದಕ್ಕೇ ಅದರ ಮೇಲೆ ನನ್ನ ಕಣ್ಣು ಬಿತ್ತು. ಕಲೆ ಗಿಲೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೌಸು ಹಿಡಿಯುವುದೇ ಮೊದಲ ಹದಿನೈದು ದಿನ ಆಯಿತು. ಬಾಣದ ಗುರುತನ್ನು ಪರದೆಯ ಆ ಕಡೆಗೆ ಒಯ್ಯಬೇಕಾದರೆ ಮೌಸು ಮೇಜಿನ ಅಂಚಿಗೆ ಬಂದಿರುತ್ತಿತ್ತು. ನಾನು ಮೇಜನ್ನೇ ಸರಿಸುತ್ತಿದ್ದೆ. ಎತ್ತಿ ಹಿಂದಕ್ಕಿಟ್ಟು ಮತ್ತೆ ಎಳೆಯಬಹುದೆಂದು ಒಂದು ದಿನ ಕೈಜಾರಿ ಎತ್ತಿದಾಗ ತಿಳಿಯಿತು. ಆ ದಿನ ಯಾರೂ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

ಇಂಗ್ಲಿಷ್ ಅಕ್ಷರ ನನಗೆ ಬಾರವು. ಬೇಕಾಗಲೂ ಇಲ್ಲ. ಪೆನ್ಸಿಲ್ಲಿನ ಚಿತ್ರ ಇದ್ದಲ್ಲಿ ಪೆನ್ಸಿಲ್ಲು, ಬ್ರಷ್ಷಿನ ಚಿತ್ರ ಇದ್ದಲ್ಲಿ ಬ್ರಷ್ಷು. ಬಕೆಟ್ಟು ಮಾತ್ರ ಕೆಟ್ಟದ್ದು. ಗೆರೆ ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟಿತ್ತೆಂದರೆ ಬಣ್ಣ ಒಡ್ಡು ಒಡೆದ ಹೊಲದ ನೀರಿನಂತೆ ಪರದೆ ತುಂಬ ಹರಿಯುತ್ತಿತ್ತು. ಭೂತಗನ್ನಡಿಯ ಚಿತ್ರ ಒತ್ತಿದರೆ ಎಲ್ಲ ದೊಡ್ಡದಾಗಿ ಚೌಕ ಚೌಕವಾಗಿ ಕಾಣುತ್ತದೆ. ಆ ಕಂಡಿ ಹುಡುಕಿ ಒಂದು ಚೌಕ ತುಂಬಿದರೆ ಸಾಕು. ಹರಿದ ಕೌದಿಗೆ ತೇಪೆ ಹಾಕಿದ ಕೈಗೆ ಇದೇನು ದೊಡ್ಡದಲ್ಲ.

ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವ ಎರಡು ಗುಂಡಿಗಳನ್ನು ಸೊಸೆ ತೋರಿಸಿದಳು. ಮರೆಯಬಾರದೆಂದು ಎರಡಕ್ಕೂ ಹಣೆಗೆ ಹಚ್ಚುವ ಕೆಂಪು ಟಿಕಳಿ ಒಂದೊಂದು ಅಂಟಿಸಿದೆ.

"ಇದೇನ್ರಿ ಅತ್ತ್ಯಾರ, ಕೀಬೋರ್ಡಿಗೆ ಅರಿಷಿಣ ಕುಂಕುಮ ಮಾಡೀರಲ್ಲ!"

"ಇರಲಿ ಬಿಡ. ನಿನ್ನ ಬಾಕಿ ಗುಂಡಿಗೆಲ್ಲಾ ಹಚ್ಚಿಲ್ಲ."

ಆದರೆ ಆ ಗುಂಡಿಗಳು ಮೂರು ತಪ್ಪು ಮಾತ್ರ ಕ್ಷಮಿಸುತ್ತಿದ್ದವು. ನಾಲ್ಕನೆಯದಕ್ಕೆ ಎಷ್ಟು ಒತ್ತಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಎರಡು ತಪ್ಪಾದ ಕೂಡಲೇ ಎದ್ದು ಹೋಗಿ ನೀರು ಕುಡಿದು ಬರುವ ರೂಢಿ ಮಾಡಿಕೊಂಡೆ. ಕರೆಂಟಿನ ಕಾಟ ಬೇರೆ. ಕರೆಂಟು ಹೋಗಿ ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ ಕೀಂ ಕೀಂ ಎಂದು ಕೂಗಿದ ಕೂಡಲೇ ಚಿತ್ರ ಉಳಿಸಬೇಕು. ಒಂದು ಸಲ ಅದು ಕೂಗುವಾಗ ಪಕ್ಕದ ಮನೆಯ ಕೋಳಿಮರಿ ಎಂದುಕೊಂಡು ಸುಮ್ಮನೆ ಕುಳಿತೆ. ಎಂಟು ದಿನದಿಂದ ಬರೆಯುತ್ತಿದ್ದ ಹಸುವಿನ ಚಿತ್ರ ಕೊಂಬು ಬರುವ ಮೊದಲೇ ಹೋಯಿತು.

ಕಡೆಗೆ ನನ್ನ ಕೈಗೆ ಹತ್ತಿದ್ದು ಮೆಣಸಿನಕಾಯಿ. ಅಡುಗೆಮನೆಯಿಂದ ಒಂದು ಒಣಗಾಯಿ ತಂದು ಪರದೆಗೆ ಹಿಡಿದು ನೋಡಿದೆ. ಪರದೆಯ ಕೆಂಪು ಕುಂಕುಮದಂತೆ ಚೀರುತ್ತಿತ್ತು. ನಮ್ಮ ಕಾಯಿ ಹಾಗಿಲ್ಲ. ಬಣ್ಣದ ಮೇಲೆ ಎರಡು ಸಲ ಒತ್ತಿದರೆ ಇನ್ನೊಂದು ಪೆಟ್ಟಿಗೆ ತೆರೆಯುತ್ತದೆ, ಅದರಲ್ಲಿ ಬಣ್ಣ ಕಲಸಬಹುದು. ಕಾಯಿಯನ್ನು ಪಕ್ಕದಲ್ಲೇ ಹಿಡಿದು, ಕಪ್ಪು ಹಾಕುತ್ತ ಹಾಕುತ್ತ, ಕಾಯಿ ಯಾವುದು ಪರದೆ ಯಾವುದು ಎಂದು ಗೊತ್ತಾಗದಷ್ಟು ಹತ್ತಿರ ತಂದೆ. ಆಮೇಲೆ ನೆರಿಗೆ. ನಮ್ಮ ಕಡೆಯ ಕಾಯಿಯ ಮೈತುಂಬ ನೆರಿಗೆ. ಪ್ರತಿ ನೆರಿಗೆಗೂ ಒಂದು ಕಪ್ಪು ಗೆರೆ, ಅದರ ಬೆನ್ನಿಗೊಂದು ತಿಳಿ ಗೆರೆ. ಒಂದು ಕಾಯಿಗೆ ನಾಲ್ಕು ಮಧ್ಯಾಹ್ನ ಹಿಡಿದವು.

ಅದೇ ಕಾಯಿ ಪರದೆಯ ಮೇಲಿದ್ದಾಗ ಸಾವಕಾರರು ಬಂದರು. ಮೆಣಸಿನಕಾಯಿ ವ್ಯಾಪಾರಿ. ಹೊರ ಊರಿಗೆ ಕಳಿಸುವ ಚೀಲದ ಬಾಯಿಗೆ ಹೊಲಿಯಲು ಚಿತ್ರವಿದ್ದ ಚೀಟಿ ಬೇಕಾಗಿತ್ತು ಅವರಿಗೆ. ಹುಬ್ಬಳ್ಳಿಯಲ್ಲಿ ಮಾಡಿಸಿ ತಂದದ್ದನ್ನು ಸೊಸೆಯ ಮುಂದೆ ಒಗೆದರು.

"ನೋಡ ತಂಗಿ. ಇದು ಮೆಣಸಿನಕಾಯೋ, ಬದನಿಕಾಯೋ?"

ನಾನೂ ಬಗ್ಗಿ ನೋಡಿದೆ. ನುಣ್ಣಗೆ ಹೊಳೆಯುವ ಉಬ್ಬಿದ ಕಾಯಿ. "ಹೊಟ್ಟಿ ಉಬ್ಬರ ಆದಂಗೈತಿ ಇದಕ್ಕ," ಎಂದೆ.

ಅಷ್ಟರಲ್ಲಿ ಅವರ ಕಣ್ಣು ಪರದೆಯ ಮೇಲೆ ಬಿತ್ತು. "ಇದ ನೋಡ ನಮ್ಮ ಕಾಯಿ! ಯಾರ ತಗದಾರಿದು?"

ಸೊಸೆ ನನ್ನ ಕಡೆ ನೋಡಿದಳು. "ನಾನ," ಎಂದೆ.

"ನೀನ? ನೀ ನಮ್ಮ ಕಣಕ್ಕ ತೊಟ್ಟ ಬಿಡಸಾಕ ಬರತಿದ್ದಿಲ್ಲ, ಆಯಿ?"

"ಬರತಿದ್ದೆ. ನಿಮ್ಮ ಕಾಯಿ ನಿಮಗಿಂತಾ ಹೆಚ್ಚ ನಾ ನೋಡೇನಿ."

ಅವರು ಗಹಗಹಿಸಿ ನಕ್ಕರು. ಮೂರು ಕಾಯಿಗಳ ಗೊಂಚಲು ಮಾಡಿಕೊಡು, ಪ್ರೆಸ್ಸಿನಲ್ಲಿ ಮೊದಲ ಹಾಳೆ ನೋಡಿ ಪಾಸು ಮಾಡುತ್ತೇನೆ, ಸರಿಹೋಗದಿದ್ದರೆ ಹುಬ್ಬಳ್ಳಿಯದೇ ಗತಿ ಎಂದರು. ಅವರು ಹೋದ ಮೇಲೆ ಸೊಸೆ ನನಗೆ ಬೆರಳು ತೋರಿಸಿದಳು. "ಅತ್ತ್ಯಾರ, ಇದು ಗಿರಾಕಿ ಕೆಲಸ. ಕರಾರು ನೆನಪೈತಿಲ್ರಿ?"

ನೆನಪಿತ್ತು. ಈ ಚೀಟಿ ಕೆಟ್ಟರೆ ನಾನು ಮತ್ತೆ ಅಕ್ಕಿ ಆರಿಸುವುದೇ.

ಹನ್ನೆರಡು ಮಧ್ಯಾಹ್ನ ಕುಳಿತು ಮೂರು ಕಾಯಿ ಮಾಡಿದೆ. ಮಾಡಿದ ಮೇಲೆ ಹೊಸದೊಂದು ತ್ರಾಸು ಶುರುವಾಯಿತು. ಕಂಪ್ಯೂಟರಿನ ಚಿತ್ರ ಮುಗಿಯುವುದೇ ಇಲ್ಲ. ಕಾಗದ ಆದರೆ ಉಜ್ಜಿ ಉಜ್ಜಿ ಹರಿಯುತ್ತದೆ, ಬಟ್ಟೆ ಆದರೆ ಜಾಗ ತೀರುತ್ತದೆ. ಇದು ಹರಿಯುವುದಿಲ್ಲ, ತೀರುವುದಿಲ್ಲ. ಇವತ್ತು ಒಂದು ನೆರಿಗೆ ತಿದ್ದು, ನಾಳೆ ಅದನ್ನೇ ಅಳಿಸು. ನಿಲ್ಲಿಸುವುದು ಎಲ್ಲಿ ಎಂದು ತಿಳಿಯದೆ ಮೂರು ದಿನ ಸುಮ್ಮನೆ ಕೆರೆದೆ.

ಕೌದಿಗೆ ಈ ತ್ರಾಸಿಲ್ಲ. ಕೌದಿ ಹೊಲಿಯುವಾಗ ಕಡೆಗೆ ಒಂದು ಮೂಲೆ ಬಿಟ್ಟಿರುತ್ತೇವೆ. ಅದರೊಳಗೆ ರೊಟ್ಟಿಯ ಸಣ್ಣ ತುಣುಕು ಇಟ್ಟು ಬಾಯಿ ಹೊಲಿಯುತ್ತೇವೆ. ಕೌದಿ ಹಸಿದಿರಬಾರದು ಎಂದು ಹಿರಿಯರು ಮಾಡಿಕೊಂಡು ಬಂದದ್ದು. ತುಣುಕು ಇಟ್ಟೆವೆಂದರೆ ಆಯಿತು, ಆಮೇಲೆ ಒಂದು ಹೊಲಿಗೆ ಹಾಕುವ ಹಾಗಿಲ್ಲ. ನಾಲ್ಕನೆಯ ದಿನ ನಾನು ಅದನ್ನೇ ಮಾಡಿದೆ. ಕೆಳಗಿನ ಕಾಯಿಯ ಬಾಲದ ಹತ್ತಿರ, ಎಳ್ಳಿನಷ್ಟು ಜಾಗದಲ್ಲಿ, ಜೋಳದ ರೊಟ್ಟಿಯ ಬಿಳಿ ಬಣ್ಣದ ಒಂದು ಚೂರು ಇಟ್ಟೆ. ಉಳಿಸಿ ಎದ್ದೆ. ಮನಸ್ಸು ಹಗುರಾಯಿತು. ಸೊಸೆಗೆ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮೊದಲ ಹಾಳೆ ನೋಡಲು ಶನಿವಾರ ರಾಣೇಬೆನ್ನೂರಿಗೆ ಹೋದೆವು. ಕದರಮಂಡಲಗಿಯಲ್ಲಿ ಹನುಮಪ್ಪನಿಗೆ ತೆಂಗಿನಕಾಯಿ ಒಡೆಸಿದವರೆಲ್ಲ ಬಸ್ ಹತ್ತಿ, ನನ್ನ ಮೊಣಕಾಲಿನ ಮೇಲೆಯೇ ನಿಂತರು. ಪ್ರೆಸ್ಸಿನಲ್ಲಿ ಸಾವಕಾರರು ನಮಗಿಂತ ಮೊದಲೇ ಬಂದು ಕುಳಿತಿದ್ದರು. ಹಾಳೆ ಹೊರಗೆ ಬಂತು. ಕೆಂಪು ಬಣ್ಣ ಪರದೆಯ ಮೇಲೆ ಇದ್ದಂತೆ ಬರಲಿಲ್ಲ, ತುಸು ಕಪ್ಪಾಗಿತ್ತು. ಒಳ್ಳೆಯದೇ ಆಯಿತು, ಕಾಯಿ ಇನ್ನೊಂದು ವಾರ ಒಣಗಿದಂತೆ ಕಂಡಿತು. ಸಾವಕಾರರು ಭೇಷ್ ಎನ್ನುತ್ತ ಹಾಳೆಯನ್ನು ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತರು.

"ಇದೇನಿದು? ಬಿಳಿ ಮಚ್ಚಿ!"

ಬಿಳಿ ಮಚ್ಚೆಯ ಕಾಯಿ ಎಂದರೆ ಕೆಟ್ಟ ಕಾಯಿ. ಅದನ್ನು ರಾಶಿಯಿಂದ ಆರಿಸಿ ಒಗೆಯುವುದೇ ಕಣದಲ್ಲಿ ನನ್ನ ಕೆಲಸವಾಗಿತ್ತು. ಇಷ್ಟು ವರ್ಷ ಆರಿಸಿ ಒಗೆದವಳು ನಾನೇ ಕೈಯಾರೆ ಒಂದು ಬಿಳಿ ಮಚ್ಚೆ ಇಟ್ಟಿದ್ದೆ, ಅದೂ ಚೀಲದ ಬಾಯಿಗೆ. ರೊಟ್ಟಿಯ ಧ್ಯಾನದಲ್ಲಿ ಅದು ಹೊಳೆದೇ ಇರಲಿಲ್ಲ.

"ಆಯಿ, ನನ್ನ ಚೀಲದ ಮ್ಯಾಲ ರೋಗದ ಕಾಯಿ ಇಟ್ಟೀಯಲ್ಲ! ಮಂದಿ ಏನಂದಾರು?"

"ಕಲಿ ಬಿದ್ದೈತ್ರಿ ಸಾವಕಾರ್ರ, ಈಗ ಅಳಸ್ತೇನಿ," ಎಂದು ಪ್ರೆಸ್ಸಿನವನು ತನ್ನ ಕಂಪ್ಯೂಟರಿಗೆ ಕೈ ಹಾಕಿದ.

"ಅಳಸಬ್ಯಾಡ," ಎಂದೆ.

ಸೊಸೆ ನನ್ನ ಸೆರಗು ಜಗ್ಗಿದಳು. "ಅತ್ತ್ಯಾರ, ಒಂದ ನಿಮಿಷದ ಕೆಲಸ್ರಿ. ಅಳಸ್ಲಿ ಬಿಡ್ರಿ. ಕರಾರು..."

"ಕಲಿ ಅಲ್ಲದು. ರೊಟ್ಟಿ ಚೂರು," ಎಂದು ಕೌದಿಯ ವಿಷಯ ಹೇಳಿದೆ. "ಅದನ್ನ ತಗದ್ರ ಚೀಟಿ ಹಸದಿರತೈತಿ ಸಾವಕಾರ್ರ. ಚೀಟಿ ಹೊಲಿಯೋದು ನಿಮ್ಮ ಚೀಲದ ಬಾಯಿಗೆ. ಹಸದ ಬಾಯಿ ಇಟ್ಟಕೊಂಡು ವ್ಯಾಪಾರ ಮಾಡ್ತೀರೇನು, ನೋಡ್ರಿ."

ನಿಜ ಹೇಳಬೇಕೆಂದರೆ ಕೌದಿಗೆ ಹಸಿವಾಗುತ್ತದೆ ಎಂದು ನಾನು ಯಾವತ್ತೂ ನಂಬಿದವಳಲ್ಲ. ನನಗೆ ಬೇಕಾಗಿದ್ದು ಕೆಲಸ ಮುಗಿಯಿತು ಎನ್ನುವ ಗುರುತು. ಅದನ್ನು ತೆಗೆದರೆ ಆ ಮೂರು ಕಾಯಿ ನನ್ನ ತಲೆಯಲ್ಲಿ ಇನ್ನೂ ಅರ್ಧವೇ. ಆದರೆ ಅದನ್ನೆಲ್ಲ ವ್ಯಾಪಾರಿಯ ಮುಂದೆ ಹೇಳಿದರೆ ತಿಳಿಯುತ್ತದೆಯೇ? ಹಸಿದ ಚೀಲ ಎಂದರೆ ತಿಳಿಯುತ್ತದೆ.

ತಿಳಿಯಿತು. ಸಾವಕಾರರು ಹಾಳೆ ನೋಡಿದರು, ಮೇಲಿನ ಛತ್ತು ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಕಾಯಿ ಮ್ಯಾಲ ಬ್ಯಾಡ," ಎಂದರು.

"ಅದು ನಂದ ತಪ್ಪು. ಬಾಜೂಕ ಇಡ್ತೇನಿ."

"ಚೂರ ಯಾಕ ಮತ್ತ? ಇಡೋದಾತು, ಇಡೀ ರೊಟ್ಟಿ ಇಡ. ನನ್ನ ಚೀಲ ಹೊಟ್ಟಿ ತುಂಬ ಉಣ್ಲಿ!"

ಸೊಸೆ ಬಾಯಿಗೆ ಸೆರಗು ಹಿಡಿದಳು. ನಾನು ಪ್ರೆಸ್ಸಿನವನ ಕುರ್ಚಿಯ ಮೇಲೆ ಕುಳಿತೆ. ಅವನ ಮೌಸು ನಮ್ಮದಕ್ಕಿಂತ ಹಗುರ. ಮೊದಲು ಕಾಯಿಯ ಮೇಲಿನ ಮಚ್ಚೆಗೆ ಕೆಂಪು ತುಂಬಿದೆ. ಆಮೇಲೆ ಗೊಂಚಲಿನ ಪಕ್ಕದಲ್ಲಿ ಒಂದು ದುಂಡು ಎಳೆದೆ. ಮೂವರೂ ಹಿಂದೆ ನಿಂತು ಉಸಿರು ಬಿಡುತ್ತಿದ್ದರು. ಸಾವಕಾರರಿಗೆ ತಡೆಯಲಾಗಲಿಲ್ಲ.

"ಅಂಚು ಇನ್ನ ತೆಳ್ಳಗ ಬೇಕ ಆಯಿ."

"ರೊಟ್ಟಿ ಬಡದೀರೇನು ಯಾವತ್ತರ?"

"ಇಲ್ಲ."

"ಮತ್ತ ಸುಮ್ಮ ಕುಂದ್ರಿ."

ಕುಳಿತರು. ಪ್ರೆಸ್ಸಿನವನು ಚಹ ತರಿಸಿದ. ಬೆಂದ ಕಂದು ಗುಳ್ಳೆಗಳನ್ನು ಒಂದೊಂದಾಗಿ ಇಟ್ಟೆ. ಎಲ್ಲಿ ಹೆಚ್ಚು ಸುಟ್ಟಿರುತ್ತದೆ, ಎಲ್ಲಿ ಹಿಟ್ಟು ಉಳಿದಿರುತ್ತದೆ ಎಂದು ಯಾವ ರೊಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡುವುದು ಬೇಕಾಗಲಿಲ್ಲ. ನಾಲ್ಕು ಮಧ್ಯಾಹ್ನಕ್ಕೆ ಒಂದು ಕಾಯಿ ಮಾಡಿದವಳು ಒಂದೇ ತಾಸಿನಲ್ಲಿ ರೊಟ್ಟಿ ಮುಗಿಸಿದೆ. ಕಡೆಗೆ ಅದರ ಅಂಚಿನಲ್ಲಿ ಬೆರಳ ತುದಿಯಷ್ಟು ಮುರಿದು, ಆ ಚೂರನ್ನು ಕಾಯಿಗಳ ಕಡೆಗೆ ಸರಿಸಿಟ್ಟೆ.

"ಈಗ ಮುಗೀತು," ಎಂದು ಎದ್ದೆ. ಸಾವಕಾರರು ಹಾಳೆಯ ಹಿಂದೆ ಸಹಿ ಮಾಡಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಸೊಸೆ ಟಿಕೀಟು ತೆಗೆಸಿ ನನ್ನ ಪಕ್ಕ ಕುಳಿತಳು. ಬೈಯುತ್ತಾಳೆ ಎಂದುಕೊಂಡೆ. ನಮ್ಮ ಊರು ಹತ್ತಿರ ಬಂದ ಮೇಲೆ, "ಎರಡ ತಾಸು ಸಾಲಂಗಿಲ್ಲ ಬಿಡ್ರಿ ನಿಮಗ. ಮೂರ ತಗೋರಿ," ಎಂದಳು. ನಾನು ಮೂರೂವರೆ ಕೇಳಿದೆ. ಕೊಡಲಿಲ್ಲ.

ಚೀಟಿ ಹೊಲಿದ ಚೀಲಗಳು ಲಾರಿ ಹತ್ತಿ ಹೋದವು. ಕಾಯಿಯ ಚಿತ್ರವನ್ನು ಯಾರೂ ಹೊಗಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆದರೆ ಹಾವೇರಿಯಲ್ಲಿ ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು ಸಾವಕಾರರ ಹತ್ತಿರ ಕಾಯಿ ಕೊಳ್ಳುವವಳು. ಅವಳು ಚೀಲದ ಚೀಟಿ ಕತ್ತರಿಸಿಕೊಂಡು ವಿಳಾಸ ಕೇಳುತ್ತ ನಮ್ಮ ಮನೆಗೇ ಬಂದಳು.

"ಈ ರೊಟ್ಟಿ ತಗದಾಕಿ ಯಾರ್ರಿ? ನಮ್ಮ ಬೋರ್ಡಿಗೆ ಇಂಥಾದ ಬೇಕು. ಬಾಜೂಕ ಬದನಿ ಎಣಗಾಯಿ, ಒಂದೀಟ ಶೇಂಗಾ ಚಟ್ನಿ."

"ಮೆಣಸಿನಕಾಯಿ ಬ್ಯಾಡೇನು?" ಎಂದೆ.

"ಬ್ಯಾಡ್ರಿ. ರೊಟ್ಟಿ ಚಲೋ ಬಂದೈತಿ."

ನೆರಿಗೆಗೊಂದು ಗೆರೆ ಎಳೆದು ಕಣ್ಣು ಕಳೆದುಕೊಂಡದ್ದೆಲ್ಲ ಒಂದು ಕಡೆ, ಚಹ ಕುಡಿಯುತ್ತ ಬಡಿದ ರೊಟ್ಟಿ ಇನ್ನೊಂದು ಕಡೆ. ಇರಲಿ. ಬೋರ್ಡು ಒಪ್ಪಿಕೊಂಡೆ. ಅದರ ಬೆನ್ನಿಗೆ ಗಿರಣಿಯವರದು, ಎಣ್ಣೆ ಅಂಗಡಿಯದು ಬಂದವು. ಎಲ್ಲದರಲ್ಲೂ ಎಲ್ಲಾದರೊಂದು ಕಡೆ ಒಂದು ಚೂರು ಇರುತ್ತದೆ. ಈಗ ಇಡುವ ಮೊದಲು ಆ ವ್ಯಾಪಾರದಲ್ಲಿ ಬಿಳಿ ಚುಕ್ಕೆಗೆ ಏನರ್ಥ ಎಂದು ಕೇಳಿಕೊಳ್ಳುತ್ತೇನೆ.

ಮೊನ್ನೆ ಸೊಸೆ ಒಂದು ಲಗ್ನಪತ್ರಿಕೆ ಮುಗಿಸಿ, ಕುರ್ಚಿ ನನ್ನ ಕಡೆ ತಿರುಗಿಸಿದಳು. "ಅತ್ತ್ಯಾರ, ಇದಕ್ಕೂ ಒಂದ ಚೂರ ಇಟ್ಟ ಬಿಡ್ರಿ."

"ಅದಕ್ಯಾಕ? ಅದರಾಗ ಮಂದೀನೆಲ್ಲಾ ಊಟಕ್ಕ ಕರದಾರಲ್ಲ," ಎಂದೆ. ಗಣಪತಿ ಹಳದಿಯೇ ಇದ್ದಾನೆಯೇ ಎಂದು ಮಾತ್ರ ಒಮ್ಮೆ ಬಗ್ಗಿ ನೋಡಿದೆ. ಇದ್ದ.