ಸೊಸೆಯನ್ನೇ ಕೇಳಬೇಕಿತ್ತು

ನಾನು ಪಾಠ ಮಾಡುತ್ತಿದ್ದ ಚನ್ನಪಟ್ಟಣದ ಚಿಕ್ಕ ಶಾಲೆ ಮುಚ್ಚಿದ ಮೇಲೆ ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ಪಟ್ಟಿಯಲ್ಲಿರುವ ಒಬ್ಬೊಬ್ಬ ರಾಜಕೀಯ ನಾಯಕರ ಕೆಲಸ ಜನಕ್ಕೆ ಎಷ್ಟು ಒಪ್ಪಿಗೆಯಾಗಿದೆ ಎಂದು ಮನೆ ಮನೆಗೆ ಹೋಗಿ ಕೇಳಿ ಟ್ಯಾಬ್‌ನಲ್ಲಿ ಒತ್ತಬೇಕು. ತುಂಬಾ ತೃಪ್ತಿ, ಸ್ವಲ್ಪ ತೃಪ್ತಿ, ಸ್ವಲ್ಪ ಅತೃಪ್ತಿ, ತುಂಬಾ ಅತೃಪ್ತಿ, ಗೊತ್ತಿಲ್ಲ. ಇಷ್ಟೇ. ಸಿಕ್ಕವರನ್ನು ಕೇಳುವ ಹಾಗಿಲ್ಲ. ಮನೆಯಲ್ಲಿರುವ ಮತದಾರರನ್ನೆಲ್ಲ ಪಟ್ಟಿ ಮಾಡಿದರೆ ಅವರಲ್ಲಿ ಒಬ್ಬರನ್ನು ಟ್ಯಾಬೇ ಆರಿಸುತ್ತದೆ. ಅವರನ್ನೇ ಕೇಳಬೇಕು, ಇಲ್ಲದಿದ್ದರೆ ಇಡೀ ಸಮೀಕ್ಷೆಯೇ ಸುಳ್ಳು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನದನ್ನು ನಂಬಿದೆ. ಈಗಲೂ ನಂಬುತ್ತೇನೆ, ಅದೇ ನನ್ನ ತಲೆನೋವು.

ಕಬ್ಬಾಳಿನಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಟ್ಯಾಬು ಆ ಮನೆಯ ಸೊಸೆಯನ್ನು ಆರಿಸಿತು. ಜಗಲಿಯ ಮೇಲೆ ಕೂತಿದ್ದ ಮಾವ ಒಪ್ಪಲಿಲ್ಲ.

"ಅವ್ಳಿಗೇನ್ ಗೊತ್ತಾಯ್ತದವ್ವಾ? ನನ್ ಕೇಳಿ, ಯೋಳ್ತೀನಿ. ಬರ್ಕಳಿ, ತುಂಬಾ ತೃಪ್ತಿ."

"ಪ್ರಶ್ನೇನೇ ಇನ್ನೂ ಓದಿಲ್ಲ, ಯಜಮಾನ್ರೇ."

"ಯಾವ್ ಪ್ರಶ್ನೆಗಾದ್ರೂ ಅದೇಯ."

ಅರ್ಧ ಗಂಟೆ ಗುದ್ದಾಡಿದೆ. ಕೊನೆಗೆ ಕುಡಿಯಲು ನೀರು ಕೇಳುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಲ್ಲಿ ಹುಳುಮನೆಯಲ್ಲಿ ಸೊಸೆ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಮೊದಲ ನಾಯಕರ ಬಗ್ಗೆ ಪ್ರಶ್ನೆ ಓದಿದೆ. ಅವಳು ಕೈ ನಿಲ್ಲಿಸಿ ಯೋಚಿಸಿದಳು.

"ತುಂಬಾ ಅತೃಪ್ತಿ ಅಂತ ಒತ್ತಿ, ಅಕ್ಕ. ಹಾರೋಹಳ್ಳಿ ಫ್ಯಾಕ್ಟ್ರೀಲಿ ನಂಗೆ ಕೆಲ್ಸ ಸಿಕ್ಕಿತ್ತು. ಬೆಳಗ್ಗೆ ಹೊತ್ತಾರೆ ಬಸ್ಸೇ ಇಲ್ಲ. ಕಬ್ಬಾಳ್ ಗಂಟ ನಡ್ದು ನಡ್ದು ಸಾಕಾಗಿ ಕೆಲ್ಸಾನೇ ಬುಟ್ಬುಟ್ಟೆ."

ಪಟ್ಟಿಯಲ್ಲಿದ್ದ ಎರಡನೆಯ ನಾಯಕರಿಗೂ ಅದನ್ನೇ ಒತ್ತಲು ಹೋದಾಗ ತಡೆದಳು. "ಇವರ್ಗೆ ಸ್ವಲ್ಪ ತೃಪ್ತಿ. ಎಲ್ರುನೂ ಒಂದೇ ತಕ್ಕಡೀಲಿ ಹಾಕ್ಬ್ಯಾಡಿ."

ಅಷ್ಟು ದಿನ ರಾಮನಗರ, ಕನಕಪುರ ಸುತ್ತಿದ್ದೆನಲ್ಲ, ಇಷ್ಟು ತೂಗಿ ನೋಡಿ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ. ಕೊನೆಯಲ್ಲಿ ಫೋನ್ ನಂಬರ್ ತುಂಬದೆ ಟ್ಯಾಬು ಮುಂದೆ ಹೋಗುವುದಿಲ್ಲ. ಅವಳಿಗೆ ಸ್ವಂತ ಫೋನ್ ಇರಲಿಲ್ಲ. ಮಾವನ ನಂಬರ್ ಕೊಟ್ಟಳು.

ಮೂರು ದಿನದ ಮೇಲೆ ಬೆಂಗಳೂರಿನಿಂದ ನಮ್ಮ ಮೇಲ್ವಿಚಾರಕನ ಕರೆ ಬಂತು.

"ಮೇಡಂ, ನಿಮ್ಮ ಒಂದು ಇಂಟರ್‌ವ್ಯೂ ಫೇಕ್ ಅಂತ ಬಂದಿದೆ. ಪರಿಶೀಲನೆಗೆ ಫೋನ್ ಮಾಡಿದ್ರೆ, ಉತ್ತರ ಕೊಟ್ಟಿದ್ದು ನಾನೇ, ಎಲ್ಲರಿಗೂ ತುಂಬಾ ತೃಪ್ತಿ ಅಂತ ಒಬ್ಬರು ಯಜಮಾನರು ಹೇಳಿದಾರೆ."

"ಅವರು ಮಾವ ಕಣ್ರೀ! ಉತ್ತರ ಕೊಟ್ಟಿದ್ದು ಸೊಸೆ!"

"ಅದು ಸರಿ ಮೇಡಂ, ಆದರೆ ಮ್ಯಾಚ್ ಆಗ್ತಿಲ್ಲ. ಮತ್ತೆ ಹೋಗಿ ಮಾಡ್ಕೊಂಡು ಬನ್ನಿ."

ಕನಕಪುರದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ನಡೆದು ಮತ್ತೆ ಹೋದೆ. ಈ ಸಲ ಮಾವ ಹುಳುಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಫೋನ್ ಬಂದ ಮೇಲೆ ಮನೆಯಲ್ಲಿ ಏನೇನು ವಿಚಾರಣೆ ನಡೆದಿತ್ತೋ, ಸೊಸೆ ತಲೆ ಎತ್ತಲಿಲ್ಲ.

"ಗೊತ್ತಿಲ್ಲ ಅಂತ ಬರ್ಕಳಿ, ಅಕ್ಕ."

ಎರಡನೆಯವರ ಹೆಸರು ಓದಿದೆ. "ಗೊತ್ತಿಲ್ಲ." ಮೂರನೆಯವರದು ಓದಿದೆ. "ಗೊತ್ತಿಲ್ಲ."

"ನಾನ್ ಮೊದ್ಲೇ ಯೋಳ್ಲಿಲ್ವಾ?" ಎಂದರು ಮಾವ, ನನ್ನ ಮೇಲೆ ಕನಿಕರಪಟ್ಟವರ ಹಾಗೆ.

ಬಸ್ಸಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳನ್ನು ಹಿಡಿದುಕೊಟ್ಟ ಹಾಗಾಗುತ್ತದೆಂದು ನುಂಗಿಕೊಂಡೆ. ಅವಳು ಹೇಳಿದ್ದನ್ನೇ ಒತ್ತಿದೆ. ಸಂಜೆ ಮೇಲ್ವಿಚಾರಕ, "ಈ ಸಲ ಕ್ಲೀನಾಗಿದೆ ಮೇಡಂ" ಎಂದು ಹೊಗಳಿದ.

ಫಲಿತಾಂಶ ಟಿವಿಯಲ್ಲಿ ಬಂದಾಗ ತೃಪ್ತಿಗೆ ಹಸಿರು, ಅತೃಪ್ತಿಗೆ ಕೆಂಪು ಪಟ್ಟಿಗಳಿದ್ದವು, ಗೊತ್ತಿಲ್ಲ ಅಂದವರ ಪಟ್ಟಿ ಇರಲಿಲ್ಲ. ಯಾಕೆ ಎಂದು ಮೇಲ್ವಿಚಾರಕನಿಗೆ ಫೋನ್ ಮಾಡಿ ಕೇಳಿದೆ. "ಅಭಿಪ್ರಾಯ ಇಲ್ಲದವರನ್ನ ತೋರಿಸಿ ಏನ್ಮಾಡೋದು ಮೇಡಂ?" ಎಂದ. ಅವಳಿಗೆ ಅಭಿಪ್ರಾಯವಿತ್ತು ಎಂದು ಕೂಗಾಡಿದೆ. ಅತ್ತ ಕಡೆ ಇನ್ಯಾರದೋ ಕರೆ ಬಂದು ಅವನು ಫೋನ್ ಇಟ್ಟ.

ಮುಂದಿನ ಸುತ್ತಿಗೆ ಮಾಗಡಿಯ ಕುದೂರಿನ ಕಡೆ ಹಾಕಿದರು. ಬೈದುಕೊಂಡೇ ಹೋದೆ. ಟ್ಯಾಬಿನ ಕೊನೆಯಲ್ಲಿ 'ಷರಾ' ಎಂಬ ಖಾಲಿ ಜಾಗವಿದೆ. ಅಲ್ಲಿ ಪ್ರತಿ ಮನೆಗೂ ಬರೆಯತೊಡಗಿದೆ: ಗಂಡ ಪಕ್ಕದಲ್ಲಿದ್ದರು, ಮಾವ ಎದುರಿಗಿದ್ದರು, ಮೈದುನ ಬಾಗಿಲಲ್ಲಿ ನಿಂತಿದ್ದ. ನಾಲ್ಕನೆಯ ದಿನ ಮೇಲ್ವಿಚಾರಕನ ಸಂದೇಶ ಬಂತು: ದಯವಿಟ್ಟು ಷರಾ ತುಂಬಬೇಡಿ, ಅಪ್‌ಲೋಡ್ ನಿಧಾನವಾಗುತ್ತದೆ.